ಬೇರೆ ದೇಶದ ಮಕ್ಕಳಿಗೆ ನಮ್ಮ ಶಾಲೆಯ ಪರಿಚಯ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಹೊರದೇಶದ ಶಾಲಾಮಕ್ಕಳೊಡನೆ ಪತ್ರವ್ಯವಹಾರ ನಡೆಸುವ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಎರಡು ಮಾತು ಬರೆದಿದ್ದೆ. ಅದನ್ನು ಓದಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಿಂದ ಶಿಕ್ಷಕರು, ಪೋಷಕರು, ಮಕ್ಕಳು ಕಾಗದ ಬರೆದಿದ್ದಾರೆ. ಅವುಗಳಲ್ಲಿ ಏಳಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ. ಜಪಾನಿನಲ್ಲಿ ಕೆಲಸದಲ್ಲಿರುವ ನಮ್ಮೂರಿನವರೊಬ್ಬರು ಅಲ್ಲಿನ ಪ್ರಾಥಮಿಕ ಶಾಲೆಯ ಮಕ್ಕಳಿಗೂ ನಮ್ಮ ಏಳನೇ ತರಗತಿಯ ಮಕ್ಕಳಿಗೂ ಪತ್ರಸ್ನೇಹ ಏರ್ಪಡಿಸಿದ್ದಾರೆ. ನಮ್ಮ ಶಾಲೆಯನ್ನು ಪರಿಚಯಿಸಿ ಬರೆಯಿರಿ ಎಂದು ಹೇಳಿದೆ. ಇಪ್ಪತ್ತೆಂಟು ಮಕ್ಕಳೂ ‘ನಮ್ಮ ಶಾಲೆಯು ಸುಂದರವಾದ ಪರಿಸರದಲ್ಲಿದೆ, ವಿಶಾಲವಾದ ಮೈದಾನವಿದೆ, ಶಿಕ್ಷಕರು ಚೆನ್ನಾಗಿ ಪಾಠ ಮಾಡುತ್ತಾರೆ’ ಎಂದೇ ಬರೆದುಕೊಟ್ಟಿದ್ದಾರೆ. ಇದನ್ನು ತಿದ್ದುವುದು ಹೇಗೆ?
— ಶಿಕ್ಷಕಿ, ಮುಳಬಾಗಿಲು ತಾಲ್ಲೂಕು

ಉತ್ತರ: ಆ ಇಪ್ಪತ್ತೆಂಟು ಕಾಗದಗಳನ್ನು ತಿದ್ದಲು ಹೋಗಬೇಡಿ; ಎತ್ತಿಟ್ಟು ಹೊಸದಾಗಿ ಬರೆಸಿ. ಮಕ್ಕಳು ಬರೆದಿರುವುದು ಪತ್ರವಲ್ಲ, ಪರೀಕ್ಷೆಯ ಪ್ರಬಂಧ. ಪ್ರಬಂಧವನ್ನು ಓದುವವರು ನಾವು, ನಮ್ಮ ಶಾಲೆಯನ್ನು ಮೊದಲೇ ಕಂಡವರು, ಅಂಕ ಕೊಡುವವರು. ಅದಕ್ಕಾಗಿಯೇ ಮಗು ನಮಗೆ ಒಪ್ಪಿಗೆಯಾಗುವ ಮಾತುಗಳನ್ನು ಜೋಡಿಸುತ್ತದೆ. ಪತ್ರವನ್ನು ಓದುವುದು ನಮ್ಮ ಊರು, ಕೆರೆ, ಬಿಸಿಯೂಟ, ಬೆಲ್ಲು ಯಾವುದನ್ನೂ ಕಾಣದ ಇನ್ನೊಂದು ಮಗು. ಮೈದಾನ ‘ವಿಶಾಲವಾಗಿದೆ’ ಎಂದರೆ ಆ ಮಗುವಿಗೆ ಏನೂ ಕಾಣಿಸುವುದಿಲ್ಲ. ಲಗೋರಿಯ ಚೆಂಡು ಬೇಲಿ ದಾಟಿ ಮಾವಿನ ತೋಟಕ್ಕೆ ಬಿದ್ದರೆ ತೋಟದ ಅಜ್ಜನನ್ನು ಕೇಳಿ ತರಬೇಕು ಎಂದರೆ ಮೈದಾನವೂ ಕಾಣಿಸುತ್ತದೆ, ಬೇಲಿಯೂ ಕಾಣಿಸುತ್ತದೆ, ಅಜ್ಜನೂ ಕಾಣಿಸುತ್ತಾನೆ.

ಈ ಮಾತನ್ನು ನಾನು ತಪ್ಪು ಮಾಡಿ ಕಲಿತೆ. ಇಪ್ಪತ್ತು ವರ್ಷಗಳಿಗೂ ಹಿಂದೆ, ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ, ಹೀಗೆಯೇ ಪರದೇಶದ ಶಾಲೆಯೊಂದಕ್ಕೆ ಮಕ್ಕಳಿಂದ ಪತ್ರ ಬರೆಸುವ ಅವಕಾಶ ಬಂತು. ಶಾಲೆಯ ಮರ್ಯಾದೆ ಉಳಿಯಬೇಕೆಂಬ ಆಸೆಯಿಂದ ನಾನೇ ಕಪ್ಪುಹಲಗೆಯ ಮೇಲೆ ಒಂದು ಮಾದರಿ ಬರೆದೆ; ಮಕ್ಕಳು ಅದನ್ನು ಮುದ್ದಾದ ಅಕ್ಷರಗಳಲ್ಲಿ ನಕಲು ಮಾಡಿದರು. ‘ನಮ್ಮಲ್ಲಿ ಸುಸಜ್ಜಿತ ಪ್ರಯೋಗಾಲಯವಿದೆ’ ಎಂಬ ಸಾಲು ಅದರಲ್ಲಿತ್ತು. ನಿಜಕ್ಕೂ ನಮ್ಮಲ್ಲಿದ್ದದ್ದು ಬೀಗ ಹಾಕಿದ ಒಂದು ಬೀರು. ಎರಡು ತಿಂಗಳ ಮೇಲೆ ಬಂದ ಉತ್ತರದಲ್ಲಿ ಆ ಮಕ್ಕಳು ಪ್ರೀತಿಯಿಂದ ಕೇಳಿದ್ದರು: ‘ಕಳೆದ ವಾರ ನೀವು ಪ್ರಯೋಗಾಲಯದಲ್ಲಿ ಏನು ಮಾಡಿದಿರಿ?’ ನಾನು ಪತ್ರ ಓದಿ ಹೇಳಿದಾಗ ಇಡೀ ತರಗತಿ ತಲೆ ತಗ್ಗಿಸಿ ಕುಳಿತಿತ್ತು. ಉತ್ತರ ಬರೆಯಲು ಯಾರಿಗೂ ಏನೂ ತೋಚಲಿಲ್ಲ, ಪತ್ರವ್ಯವಹಾರ ಅಲ್ಲಿಗೇ ನಿಂತಿತು. ತಲೆ ತಗ್ಗಿಸುವಂಥದ್ದನ್ನು ಮಾಡಿದವನು ನಾನು, ಅನುಭವಿಸಿದವರು ಮಕ್ಕಳು. ಅಂದಿನಿಂದ ನನ್ನ ಪರೀಕ್ಷೆ ಒಂದೇ: ಈ ಸಾಲಿನ ಬಗ್ಗೆ ಆ ಕಡೆಯ ಮಗು ಮರುಪ್ರಶ್ನೆ ಕೇಳಿದರೆ, ಬರೆದ ಮಗು ತಾನಾಗಿ, ಯಾರನ್ನೂ ಕೇಳದೆ ಉತ್ತರಿಸಬಲ್ಲದೇ? ಉತ್ತರಿಸಬಲ್ಲದಾದರೆ ಸಾಲು ಇರಲಿ, ಇಲ್ಲವಾದರೆ ಬೇಡ.

ನಿಮ್ಮ ತರಗತಿಯಲ್ಲಿ ಹೀಗೆ ಮಾಡಿ ನೋಡಿ. ‘ನಮ್ಮ ಶಾಲೆ’ ಎಂಬ ತಲೆಬರಹವನ್ನೇ ಕೊಡಬೇಡಿ. ನಿನ್ನೆ ಮನೆ ಬಿಟ್ಟ ಹೊತ್ತಿನಿಂದ ಪ್ರಾರ್ಥನೆಯ ಬೆಲ್ಲು ಹೊಡೆಯುವ ತನಕ ಏನೇನಾಯಿತು ಎಂದು ಕೇಳಿ, ಹೇಳಿದ್ದನ್ನೇ ಬರೆಯಲು ಬಿಡಿ. ಆಗ ಇಂಥ ಕಾಗದ ಬರುತ್ತದೆ: ‘ನಮ್ಮ ಮನೆಯಿಂದ ಶಾಲೆಗೆ ಎರಡು ಕಿಲೋಮೀಟರು. ನಾನು, ನನ್ನ ತಂಗಿ, ಪಕ್ಕದ ಮನೆಯ ಇಬ್ಬರು ಕೆರೆ ಏರಿಯ ಮೇಲೆ ನಡೆದು ಹೋಗುತ್ತೇವೆ. ಈ ವರ್ಷ ಕೆರೆಯಲ್ಲಿ ನೀರಿದೆ. ನಾನು ಒಂದನೇ ತರಗತಿಯಲ್ಲಿದ್ದಾಗ ನೀರು ಇರಲಿಲ್ಲ, ದೊಡ್ಡ ಹುಡುಗರು ಕೆರೆಯಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಟೊಮೆಟೊ ಕಾಲದಲ್ಲಿ ಕ್ರೇಟು ತುಂಬಿದ ಟೆಂಪೊಗಳು ಕೋಲಾರದ ಮಾರುಕಟ್ಟೆಗೆ ಹೋಗುತ್ತವೆ, ಆಗ ನಾವು ಏರಿಯ ಅಂಚಿಗೆ ಸರಿದು ನಿಲ್ಲುತ್ತೇವೆ.’ ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೆ ವರ್ಷವಿಡೀ ಹರಿಯುವ ನದಿ ಇಲ್ಲದ ನಾಡು, ಮಳೆಯನ್ನೇ ನೆಚ್ಚಿದ ಬದುಕು, ಟೊಮೆಟೊ ಬೆಳೆ ಎಲ್ಲವೂ ಬಂದುಬಿಟ್ಟಿವೆ. ಕೆರೆ ಎಂದರೆ ತಾನಾಗಿ ಆದ ಸರೋವರವಲ್ಲ, ಹಿಂದಿನವರು ಏರಿ ಕಟ್ಟಿ ಮಳೆನೀರು ನಿಲ್ಲಿಸಿದ್ದು ಎಂಬ ಒಂದು ವಿವರಣೆಯನ್ನು ಮಾತ್ರ ನೀವು ಸೇರಿಸಬೇಕಾದೀತು. ಜಪಾನಿನಲ್ಲಿಯೂ ಪ್ರಾಥಮಿಕ ಶಾಲೆಯ ಮಕ್ಕಳು ಹೆಚ್ಚಾಗಿ ನಡೆದೇ ಹೋಗುತ್ತಾರೆ, ಅನೇಕ ಕಡೆ ನೆರೆಹೊರೆಯ ಮಕ್ಕಳು ಗುಂಪುಗೂಡಿ ಹೋಗುತ್ತಾರೆ. ಆದ್ದರಿಂದ ಈ ದಾರಿಯ ವಿಷಯವೊಂದರಿಂದಲೇ ಎರಡು ಕಡೆಯ ಮಾತು ಬೆಳೆಯುತ್ತದೆ.

ಬಿಸಿಯೂಟದ ಬಗ್ಗೆ ಬಿಡಿಸಿ ಬರೆಯಿಸಿ. ಬಡಮಕ್ಕಳಿಗೆ ಸರ್ಕಾರ ಹಾಕುವ ಊಟ ಎಂದು ಪರದೇಶದವರು ತಿಳಿದಾರು ಎಂಬ ಸಂಕೋಚದಿಂದ ಕೆಲವು ಶಿಕ್ಷಕರು ಅದನ್ನು ಕೈಬಿಡಿಸುವುದುಂಟು, ಅದು ಸರಿಯಲ್ಲ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ ಸೇರಿತು. ಜಪಾನಿನಲ್ಲಿ ಶಾಲೆಯ ಊಟಕ್ಕೆಂದೇ 1954ರಲ್ಲಿ ಕಾನೂನು ಮಾಡಿದರು. ಅಲ್ಲಿ ಸರದಿಯ ಮೇಲೆ ಮಕ್ಕಳೇ ಬಿಳಿಯ ಮೇಲಂಗಿ, ಟೋಪಿ ಹಾಕಿಕೊಂಡು ಅಡುಗೆಯನ್ನು ತರಗತಿಗೆ ತಂದು ಬಡಿಸುತ್ತಾರೆ. ಎಲ್ಲರೂ ‘ಇತದಕಿಮಸು’ ಎಂದು ಹೇಳಿ ಒಟ್ಟಿಗೆ ಊಟ ಆರಂಭಿಸುತ್ತಾರೆ. ತರಗತಿಯ ಕಸ ಗುಡಿಸಿ ನೆಲ ಒರೆಸುವುದೂ ಮಕ್ಕಳೇ. ತಟ್ಟೆ ತೊಳೆದುಕೊಂಡು ಸಾಲಾಗಿ ಕುಳಿತು, ಎಲ್ಲರಿಗೂ ಬಡಿಸುವ ತನಕ ಕಾದು, ಪ್ರಾರ್ಥನೆ ಹೇಳಿ ಉಣ್ಣುವ ನಮ್ಮ ಮಕ್ಕಳಿಗೆ ಇದು ಹತ್ತಿರದ ಸಂಗತಿ. ಅಡುಗೆಯ ಅಕ್ಕ ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಾರೆ, ಯಾವ ದಿನದ ಸಾರು ಮಕ್ಕಳಿಗೆ ಇಷ್ಟ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಸಿಗುವುದು ಹೇಗೆ ಎಂಬುದನ್ನೆಲ್ಲ ಬರೆಯಲಿ.

ನಮಗೆ ತೀರ ಪರಿಚಿತವಾದ ಕೆಲವು ಪದಗಳು ಹೊರಗಿನವರಿಗೆ ಬರೀ ಸದ್ದು. ‘ಪ್ರಾರ್ಥನೆ’ ಎಂದರೆ ಪೂಜೆ ಎಂದುಕೊಂಡಾರು. ಬೆಳಗ್ಗೆ ಸಾಲಾಗಿ ನಿಂತು ನಾಡಗೀತೆ, ರಾಷ್ಟ್ರಗೀತೆ ಹಾಡಿ, ಸಂವಿಧಾನದ ಪೀಠಿಕೆ ಓದಿ, ಒಬ್ಬರು ದಿನಪತ್ರಿಕೆಯ ಮುಖ್ಯ ಸುದ್ದಿ ಓದುವ ಸಭೆ ಅದು ಎಂದು ಮಗು ವಿವರಿಸಬೇಕು. ‘ಶಾಲಾ ಸಂಸತ್ತು’ ಎಂಬುದರಲ್ಲಿ ಮಕ್ಕಳೇ ಮತ ಹಾಕಿ ಪ್ರತಿನಿಧಿಗಳನ್ನು ಆರಿಸುತ್ತಾರೆ, ಅವರಲ್ಲಿ ಆಹಾರಮಂತ್ರಿ, ಸ್ವಚ್ಛತಾಮಂತ್ರಿ ಎಂದೆಲ್ಲ ಹೊಣೆ ಹಂಚಿಕೊಳ್ಳುತ್ತಾರೆ ಎಂಬುದು ಹೊರಗಿನ ಮಕ್ಕಳಿಗೆ ಬಹಳ ಕುತೂಹಲದ ವಿಷಯ. ನಲಿ-ಕಲಿಯ ಕೊಠಡಿಯೂ ಅಷ್ಟೆ: 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ಈ ಕ್ರಮದಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ನೆಲದ ಮೇಲೆ ಕುಳಿತು ಕಾರ್ಡು ಹಿಡಿದು ಕಲಿಯುತ್ತಾರೆ. ಏಳನೇ ತರಗತಿಯ ಮಗುವಿಗೆ ತನ್ನ ನಲಿ-ಕಲಿಯ ದಿನಗಳು ಇನ್ನೂ ಚೆನ್ನಾಗಿ ನೆನಪಿರುತ್ತವೆ. ಅದನ್ನು ಕೇಳಿ ಬರೆಸಿ.

ಪ್ರಶ್ನೆ: ಪತ್ರಗಳನ್ನು ಯಾವಾಗ ಕಳಿಸಿದರೆ ಒಳ್ಳೆಯದು? ವೀಡಿಯೊ ಕರೆಯಲ್ಲಿ ಒಮ್ಮೆ ಮಾತಾಡಿಸಬೇಕೆಂದೂ ಇದೆ.
— ಮುಖ್ಯಶಿಕ್ಷಕರು, ಮಾಲೂರು ತಾಲ್ಲೂಕು

ಉತ್ತರ: ನೀವೂ ಜಪಾನಿನ ಶಾಲೆಯೊಂದರ ಜೊತೆಗೇ ಮಾತಾಡಿಕೊಂಡಿರುವುದಾಗಿ ಬರೆದಿದ್ದೀರಿ. ಅಲ್ಲಿ ಶಾಲಾವರ್ಷ ಏಪ್ರಿಲಿನಲ್ಲಿ ಆರಂಭವಾಗಿ ಮಾರ್ಚಿಗೆ ಮುಗಿಯುತ್ತದೆ. ಅವರು ಹೊಸ ತರಗತಿಗೆ ಕಾಲಿಡುವ ಹೊತ್ತಿಗೆ ನಮ್ಮ ಮಕ್ಕಳು ಬೇಸಿಗೆ ರಜೆಗೆ ಹೊರಟಿರುತ್ತಾರೆ. ನಮ್ಮ ಶಾಲೆ ತೆರೆದ ಕೂಡಲೇ, ಜೂನಿನ ಮೊದಲ ಎರಡು ವಾರದೊಳಗೆ ಪತ್ರ ಹೊರಡಿಸಿ. ಜುಲೈ ಕೊನೆಯ ಭಾಗದಿಂದ ಆಗಸ್ಟ್ ಮುಗಿಯುವ ತನಕ ಅಲ್ಲಿ ಬೇಸಿಗೆ ರಜೆಯಾದ್ದರಿಂದ ತಡವಾಗಿ ಕಳಿಸಿದ ಕಾಗದ ಮುಚ್ಚಿದ ಶಾಲೆಯಲ್ಲಿ ಬಿದ್ದಿರುತ್ತದೆ. ಕರೆಗೆ ಸಿಗುವ ಹೊತ್ತು ಚಿಕ್ಕದು: ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ, ನಮ್ಮಲ್ಲಿ ಬೆಳಗ್ಗೆ ಹತ್ತಾದಾಗ ಅಲ್ಲಿ ಮಧ್ಯಾಹ್ನ ಒಂದೂವರೆ. ಪ್ರಾರ್ಥನೆ ಮುಗಿದ ಕೂಡಲೇ ಮೊದಲ ಅವಧಿಯಲ್ಲಿ ಇಟ್ಟುಕೊಂಡರೆ ಆಗುತ್ತದೆ, ಮಧ್ಯಾಹ್ನ ಎಂದರೆ ಆಗದು. ಶನಿವಾರ ಬೆಳಗಿನ ಶಾಲೆ ನಮಗೆ ಮಾತ್ರ. ಅಲ್ಲಿ ಸರ್ಕಾರಿ ಶಾಲೆಗಳಿಗೆ 2002ರಿಂದ ವಾರಕ್ಕೆ ಐದೇ ದಿನ.

ಪ್ರಶ್ನೆ: ನಮ್ಮದು ಬಾಗೇಪಲ್ಲಿ ಕಡೆಯ ಊರು, ಮನೆಮಾತು ತೆಲುಗು. ಮಗ ಕನ್ನಡ ಮಾಧ್ಯಮದಲ್ಲಿ ಆರನೇ ತರಗತಿ. ಜಪಾನಿನ ಮಕ್ಕಳಿಗೆ ಪತ್ರ ಬರೆಯಲು ಇಂಗ್ಲಿಷ್ ಬೇಕೆಂದು ಹೇಳಿ ಅವನು ಬರೆಯುವುದನ್ನೇ ಬಿಟ್ಟಿದ್ದಾನೆ. ಯಾವ ಭಾಷೆಯಲ್ಲಿ ಬರೆಸಲಿ? ಮನೆಯಲ್ಲಿ ತೆಲುಗು ಮಾತಾಡುತ್ತೇವೆ ಎಂದು ಬರೆದರೆ ಗೊಂದಲವಾಗುವುದಿಲ್ಲವೇ?
— ತಾಯಿ, ಬಾಗೇಪಲ್ಲಿ ತಾಲ್ಲೂಕು

ಉತ್ತರ: ತಾಯಿ, ಅವನು ಕನ್ನಡದಲ್ಲಿಯೇ ಬರೆಯಲಿ. ಅದರ ಇಂಗ್ಲಿಷ್ ಅನುವಾದವನ್ನು ಶಿಕ್ಷಕರು ಇನ್ನೊಂದು ಹಾಳೆಯಲ್ಲಿ ಮಾಡಿಕೊಡಲಿ. ಲಕೋಟೆಯಲ್ಲಿ ಎರಡೂ ಹೋಗಲಿ. ಇಂಗ್ಲಿಷ್ ಜಪಾನಿನ ಮಗುವಿಗೂ ಶಾಲೆಯಲ್ಲಿ ಕಲಿಯುವ ಭಾಷೆಯೇ ಹೊರತು ಮನೆಯ ಮಾತಲ್ಲ. ಇಬ್ಬರಿಗೂ ಸರಾಗವಲ್ಲದ ಭಾಷೆಯಲ್ಲಿ ಬರೆಯಲು ಕುಳಿತರೆ ಇಬ್ಬರೂ ತಮಗೆ ಗೊತ್ತಿರುವ ಹತ್ತು ವಾಕ್ಯಗಳನ್ನಷ್ಟೇ ಬರೆದಾರು. ತನ್ನ ಮಾತಿನಲ್ಲಿ ಬರೆದ ಮಗು ಮಾತ್ರ ಹೇಳಬೇಕಾದದ್ದನ್ನು ಹೇಳುತ್ತದೆ.

ಕನ್ನಡದ ಹಾಳೆಯನ್ನು ನೋಡಿ ಅಲ್ಲಿಯ ಮಕ್ಕಳು ಬೆರಗಾಗುವುದಕ್ಕೆ ಇನ್ನೂ ಒಂದು ಕಾರಣವಿದೆ. ಜಪಾನೀ ಬರಹದಲ್ಲಿ ಚೀನೀ ಮೂಲದ ಚಿತ್ರಾಕ್ಷರಗಳ ಜೊತೆಗೆ ‘ಕಾನಾ’ ಎಂಬ ಅಕ್ಷರಮಾಲೆಗಳಿವೆ. ಅವುಗಳಲ್ಲಿ ಸ್ವರ ಮತ್ತು ವ್ಯಂಜನ ಸೇರಿ ಒಂದೇ ಅಕ್ಷರವಾಗುತ್ತದೆ, ನಮ್ಮ ಕಾಗುಣಿತದ ಹಾಗೆಯೇ. ‘ಹನಾಕೊ’ ಎಂಬ ಹೆಸರು ನಮ್ಮಲ್ಲಿ ಮೂರು ಅಕ್ಷರ, ಅಲ್ಲಿಯೂ ಮೂರು. ನಮ್ಮಂತೆಯೇ ಅವರಲ್ಲಿಯೂ ಹ್ರಸ್ವ ದೀರ್ಘಗಳ ಭೇದ ಅರ್ಥವನ್ನೇ ಬದಲಿಸುತ್ತದೆ. ಇಂಗ್ಲಿಷಿನಲ್ಲಿ ಬರೆದ ‘ಟೋಕಿಯೊ’ದಿಂದ ಆ ದೀರ್ಘ ತಿಳಿಯುವುದಿಲ್ಲ, ಅವರ ಬಾಯಲ್ಲಿ ಅದು ‘ತೋಕ್ಯೋ’, ಎರಡೂ ಓಕಾರ ದೀರ್ಘ. ಶಾಲೆಗೆ ಅವರ ಪದ ‘ಗಕ್ಕೋ’. ಆ ದ್ವಿತ್ವವನ್ನೂ ಕೊನೆಯ ದೀರ್ಘವನ್ನೂ ಕನ್ನಡದ ಒತ್ತು ಮತ್ತು ದೀರ್ಘದ ಗುರುತುಗಳಿಂದ ಇದ್ದದ್ದು ಇದ್ದ ಹಾಗೆ ಬರೆಯಬಹುದು. ನಿಮ್ಮ ಮಗ ತನ್ನ ಸ್ನೇಹಿತನ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಯಾವ ಅಕ್ಷರದ ಉಚ್ಚಾರ ಯಾವುದು ಎಂದು ಬಾಣದ ಗುರುತು ಹಾಕಿ ಕಳಿಸಲಿ. ತನ್ನ ಹೆಸರನ್ನು ಅವರ ಕಾನಾದಲ್ಲಿ ಬರೆದುಕೊಡುವಂತೆ ಕೇಳಲಿ. ನಾನು ಕಂಡ ಹಾಗೆ ಮಕ್ಕಳು ಪುಸ್ತಕದ ಚೀಲದಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವುದು ಇಂಥ ಚೀಟಿಗಳನ್ನೇ.

ತೆಲುಗಿನ ವಿಷಯ ಖಂಡಿತ ಬರೆಯಲಿ. ಅಮ್ಮನ ಹತ್ತಿರ ತೆಲುಗು, ಮೇಷ್ಟ್ರ ಹತ್ತಿರ ಕನ್ನಡ, ಪುಸ್ತಕದಲ್ಲಿ ಮೂರನೆಯದಾಗಿ ಇಂಗ್ಲಿಷ್, ಪಕ್ಕದ ಬೆಂಚಿನ ಗೆಳೆಯನ ಮನೆಯಲ್ಲಿ ಉರ್ದು: ನಮ್ಮ ಗಡಿಯ ತಾಲ್ಲೂಕುಗಳ ಶಾಲೆಗಳಲ್ಲಿ ಇದು ದಿನನಿತ್ಯದ ಸಂಗತಿ. ಆಟದಲ್ಲಿ ಜಗಳವಾದಾಗ ಯಾವ ಭಾಷೆ ಬರುತ್ತದೆ, ಲೆಕ್ಕ ಎಣಿಸುವಾಗ ಯಾವುದು, ಅಜ್ಜಿ ಕಥೆ ಹೇಳುವಾಗ ಯಾವುದು ಎಂದು ಅವನನ್ನೇ ಕೇಳಿ. ಓದುವ ಮಗುವಿಗೆ ಗೊಂದಲವಾದರೆ ಆಗಲಿ, ಅದೇ ಅದರ ಮುಂದಿನ ಪ್ರಶ್ನೆಯಾಗುತ್ತದೆ.

ಪ್ರಶ್ನೆ: ನಾನು ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳು ಗೂಡು ಕಟ್ಟಲು ಹಣ್ಣಾಗುವ ದಿನಗಳಲ್ಲಿ ನಾನೂ ಕೈಜೋಡಿಸುವುದರಿಂದ ಒಮ್ಮೊಮ್ಮೆ ಶಾಲೆಗೆ ತಡವಾಗುತ್ತದೆ. ಶಾಲಾಜೀವನದ ಪತ್ರದಲ್ಲಿ ಮನೆಯ ಕೆಲಸವನ್ನು ಬರೆಯಬಹುದೇ ಸಾರ್?
— ವಿದ್ಯಾರ್ಥಿನಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಬರೆಯಬೇಕು ಮಗಳೇ. ಶಾಲೆಯ ಗೇಟಿನಿಂದ ಗೇಟಿನ ತನಕ ಮಾತ್ರ ಶಾಲಾಜೀವನವಲ್ಲ. ಮೊದಲ ಅವಧಿಯಲ್ಲಿ ನಿನ್ನ ಕಣ್ಣು ಎಳೆಯುತ್ತಿದ್ದರೆ ಅದಕ್ಕೆ ಹಿಂದಿನ ರಾತ್ರಿಯ ಸೊಪ್ಪು ಹಾಕುವ ಕೆಲಸವೇ ಕಾರಣ. ಆ ಕಾರಣವಿಲ್ಲದೆ ನಿನ್ನ ಶಾಲೆಯ ದಿನ ಪೂರ್ತಿಯಾಗುವುದಿಲ್ಲ.

ನಿನಗೆ ಗೊತ್ತಿರುವ ಕ್ರಮದಲ್ಲಿಯೇ ಬರೆ. ಮೊಟ್ಟೆಯೊಡೆದ ಹುಳು ಕೂದಲಿನಷ್ಟು ತೆಳ್ಳಗಿರುತ್ತದೆ, ಹಿಪ್ಪುನೇರಳೆಯ ಚಿಗುರನ್ನು ಸಣ್ಣಗೆ ಹೆಚ್ಚಿ ಹಾಕುತ್ತೀರಿ. ಹುಳು ನಾಲ್ಕು ಸಲ ಜ್ವರಕ್ಕೆ ಹೋಗಿ ಪೊರೆ ಬಿಡುತ್ತದೆ. ಇದು ಕಾಯಿಲೆಯ ಜ್ವರವಲ್ಲ, ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿರುವ ಹೊತ್ತಿಗೆ ನಮ್ಮ ರೈತರು ಇಟ್ಟಿರುವ ಹೆಸರು ಎಂದು ವಿವರಿಸು. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ಹೇಗಿರುತ್ತದೆ, ನೂರಾರು ಹುಳು ಒಟ್ಟಿಗೆ ಸೊಪ್ಪು ತಿನ್ನುವಾಗ ಮಳೆ ಬಿದ್ದ ಹಾಗೆ ಕೇಳಿಸುವ ಸದ್ದು ಎಂಥದು, ಹಣ್ಣಾದ ಹುಳುವನ್ನು ಗುರುತಿಸಿ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡುವುದು ಹೇಗೆ, ಗೂಡು ಬಿಡಿಸಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಅಪ್ಪ ಒಯ್ದ ದಿನ ಮನೆಯವರು ಅವರ ಫೋನಿಗಾಗಿ ಹೇಗೆ ಕಾಯುತ್ತೀರಿ ಎಂಬುದನ್ನು ನಿನ್ನಂತೆ ಬರೆಯುವವರು ಇಲ್ಲ. ತಡವಾದ ದಿನ ತರಗತಿಯ ಬಾಗಿಲಲ್ಲಿ ನಿಂತಾಗ ಏನಾಗುತ್ತದೆ ಎಂಬುದನ್ನೂ ಬಿಡಬೇಡ. ಪಾಠ ತಪ್ಪಿದರೆ ಯಾರ ನೋಟ್ಸು ನೋಡಿ ಬರೆದುಕೊಳ್ಳುತ್ತೀಯೆ ಎಂದೂ ಹೇಳು.

ನಿನ್ನ ಪತ್ರ ಹೋಗುವುದು ಜಪಾನಿಗಾದರೆ ಇನ್ನೂ ಒಂದು ವಿಷಯ ತಿಳಿದಿರಲಿ. ರೇಷ್ಮೆ ಆ ದೇಶದ ಹಳೆಯ ಕಸುಬು. ಗುನ್ಮಾ ಪ್ರಾಂತ್ಯದ ತೊಮಿಯೊಕದಲ್ಲಿ 1872ರಲ್ಲಿ ಅಲ್ಲಿನ ಸರ್ಕಾರ ಸ್ಥಾಪಿಸಿದ ನೂಲು ಬಿಚ್ಚುವ ಕಾರ್ಖಾನೆ 2014ರಿಂದ ವಿಶ್ವ ಪರಂಪರೆಯ ತಾಣವಾಗಿದೆ. ಜಮ್‌ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಆರಂಭಿಸಿದಾಗ ಅದನ್ನು ನಡೆಸಲು ಜಪಾನಿನಿಂದಲೇ ನುರಿತವರನ್ನು ಕರೆಸಿದ್ದರು. ನಮ್ಮ ಜಿಲ್ಲೆಗಳ ರೇಷ್ಮೆಗೂ ಅವರ ನಾಡಿಗೂ ಹೀಗೆ ನೂರು ವರ್ಷಕ್ಕೂ ಹಿಂದಿನ ನಂಟಿದೆ. ಈಗ ಅಲ್ಲಿ ಹುಳು ಸಾಕುವ ಮನೆಗಳು ಬಹಳ ಕಡಿಮೆಯಾಗಿವೆ. ಆದ್ದರಿಂದ ಪತ್ರದ ಕೊನೆಯಲ್ಲಿ ಕೇಳು: ‘ನಿಮ್ಮ ಅಜ್ಜ ಅಜ್ಜಿಯರಲ್ಲಿ ಯಾರಾದರೂ ರೇಷ್ಮೆ ಹುಳು ಸಾಕಿದ್ದರೇ? ಅವರನ್ನು ಕೇಳಿ ಬರೆಯುತ್ತೀರಾ?’ ಆ ಮಗು ಎದ್ದು ಹೋಗಿ ತನ್ನ ಮನೆಯ ಹಿರಿಯರನ್ನು ಕೇಳುತ್ತದೆ. ನಿನ್ನ ಪತ್ರದಿಂದ ಅಲ್ಲಿ ಒಂದು ಮಾತುಕತೆ ಹುಟ್ಟುತ್ತದೆ.

ನಿನ್ನನ್ನು ಕೇಳಿಕೊಳ್ಳುವುದು ಇಷ್ಟೆ: ಆ ದಿನಗಳಲ್ಲಿಯೂ ಶಾಲೆಯನ್ನು ಪೂರ್ತಿ ತಪ್ಪಿಸಬೇಡ. ನಿನ್ನ ತಂದೆತಾಯಿಗೂ ಇದನ್ನು ಓದಿ ಹೇಳು.

ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನ ಶಾಲೆಯೊಂದರ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮ ಎರಡು ಕೊಠಡಿಗಳು ಸೋರುತ್ತವೆ, ಮಳೆ ಬಂದರೆ ಎರಡು ತರಗತಿಗಳು ಒಂದೇ ಕಡೆ ಕೂರಬೇಕು. ಮಕ್ಕಳು ಇದನ್ನೆಲ್ಲ ಬರೆದರೆ ದೇಶಕ್ಕೆ ಅವಮಾನವಲ್ಲವೇ? ಫೋಟೊ ಕಳಿಸುವ ಬಗ್ಗೆಯೂ ನಿಮ್ಮ ಅಭಿಪ್ರಾಯ ತಿಳಿಸಿ.
— ಪೋಷಕರು, ಗೌರಿಬಿದನೂರು ತಾಲ್ಲೂಕು

ಉತ್ತರ: ಸೋರುವ ಮಾಡನ್ನು ದುರಸ್ತಿ ಮಾಡಿಸದಿರುವುದು ದೊಡ್ಡವರ ಲೋಪ; ಅದರ ಬಗ್ಗೆ ಮಗು ಬರೆದದ್ದು ತಪ್ಪಲ್ಲ. ಆದರೂ ನಿಮ್ಮ ಕಳವಳ ಎಲ್ಲಿಂದ ಬಂತೆಂದು ನನಗೆ ಅರ್ಥವಾಗುತ್ತದೆ. ಪರರ ಮುಂದೆ ನಮ್ಮ ಮಕ್ಕಳು ಕರುಣೆಗೆ ಪಾತ್ರರಾಗಬಾರದು ಎಂಬುದು ನಿಮ್ಮ ಮನಸ್ಸಿನಲ್ಲಿದೆ. ಕೊರತೆಯನ್ನು ಹೇಗೆ ಬರೆಯುತ್ತೇವೆ ಎಂಬುದರ ಮೇಲೆ ಇದು ನಿಂತಿದೆ. ‘ನಮ್ಮ ಕೊಠಡಿ ಸೋರುತ್ತದೆ, ನಮಗೆ ತುಂಬ ಕಷ್ಟ’ ಎಂದು ನಿಲ್ಲಿಸಿದರೆ ಓದುವ ಮಗು ಅಯ್ಯೋ ಎನ್ನುತ್ತದೆ, ಬೇರೇನನ್ನೂ ಹೇಳಲಾರದು. ‘ಮಳೆ ಬಂದರೆ ಆರನೆಯವರೂ ಏಳನೆಯವರೂ ಒಂದೇ ಕೊಠಡಿಯಲ್ಲಿ ಕೂರುತ್ತೇವೆ, ಆಗ ಮೇಷ್ಟ್ರು ಪಾಠ ನಿಲ್ಲಿಸಿ ಗಾದೆ, ಒಗಟು ಕೇಳುತ್ತಾರೆ, ನಮ್ಮ ಕಡೆ ಮಳೆ ಅಪರೂಪವಾದ್ದರಿಂದ ಆ ದಿನ ನಮಗೆ ಇಷ್ಟ’ ಎಂದು ಬರೆದರೆ ಕೊರತೆಯೂ ಮುಚ್ಚುವುದಿಲ್ಲ, ಮಗುವೂ ಕುಗ್ಗುವುದಿಲ್ಲ.

ನಿಮ್ಮ ತಾಲ್ಲೂಕಿನವರಿಗೆ ನಾನು ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ನಿಮ್ಮ ತಾಲ್ಲೂಕಿನದೇ ಆದ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರೌಢಶಾಲೆಗೆ ಸೇರಲು ಬಸ್ಸಿಗೆ ಹಣವಿಲ್ಲದೆ ಬೆಂಗಳೂರಿಗೆ ನಡೆದೇ ಹೋದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ ಆ ನಡಿಗೆಯನ್ನು ಅವರು ಮರೆಮಾಚಲಿಲ್ಲ. ಮಕ್ಕಳು ತಮ್ಮ ಊರಿನ ದೊಡ್ಡವರ ಬಗ್ಗೆ ಪತ್ರದಲ್ಲಿ ಬರೆಯಲು ಬಯಸಿದರೆ ಈ ಪ್ರಸಂಗವನ್ನು ಬರೆಯಲಿ.

ಫೋಟೊ ವಿಷಯದಲ್ಲಿ ಮಾತ್ರ ನಾನು ಬಿಗಿ. ಮಕ್ಕಳ ಮುಖ ಕಾಣುವ ಚಿತ್ರ, ಮನೆಯ ವಿಳಾಸ, ಪೋಷಕರ ಫೋನ್ ಸಂಖ್ಯೆ ಯಾವುದೂ ಪತ್ರದಲ್ಲಿ ಹೋಗಬಾರದು; ಶಾಲೆಯ ವಿಳಾಸ ಸಾಕು, ಹೆಸರಿನ ಮೊದಲ ಭಾಗ ಸಾಕು. ಚಿತ್ರ ಬೇಕೇಬೇಕೆಂದಾದರೆ ಪ್ರತಿಯೊಬ್ಬ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಯನ್ನು ಡಿಜಿಟಲ್ ರೂಪದಲ್ಲಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಕಾಯ್ದೆಯೂ ಹೇಳುತ್ತದೆ. ಅದಕ್ಕಿಂತ ಒಳ್ಳೆಯದು, ಮಕ್ಕಳೇ ಬಿಡಿಸಿದ ಶಾಲೆಯ ನಕ್ಷೆ: ಬಾವಿ ಎಲ್ಲಿ, ಹುಣಸೆಮರ ಎಲ್ಲಿ, ಸೋರುವ ಮೂಲೆ ಯಾವುದು, ಚಪ್ಪಲಿ ಬಿಡುವ ಜಾಗ ಯಾವುದು. ಜಪಾನಿನ ಶಾಲೆಗಳಲ್ಲಿಯೂ ಹೊರಗಿನ ಪಾದರಕ್ಷೆಯನ್ನು ಬಾಗಿಲ ಬಳಿಯ ಗೂಡುಗಳಲ್ಲಿ ಇಟ್ಟು, ಒಳಗೆ ಬೇರೆಯದನ್ನು ಹಾಕಿಕೊಳ್ಳುತ್ತಾರೆ. ನಿಮ್ಮ ನಕ್ಷೆಯ ಆ ಮೂಲೆ ಅವರಿಗೆ ಕೂಡಲೇ ತಿಳಿಯುತ್ತದೆ.

ಪ್ರಶ್ನೆ: ನಾನು ತುಮಕೂರಿನಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಎಂಟನೇ ತರಗತಿ ಓದುತ್ತಿದ್ದೇನೆ. ನಮ್ಮೂರು ಪಾವಗಡದ ಕಡೆ. ನಮ್ಮ ತರಗತಿಯವರು ಫಿನ್ಲೆಂಡಿನ ಮಕ್ಕಳಿಗೆ ಪತ್ರ ಬರೆಯುತ್ತಿದ್ದಾರೆ. ಎಲ್ಲರೂ ಅಪ್ಪ ಅಮ್ಮನ ಬಗ್ಗೆ ಬರೆಯುತ್ತಾರೆ, ನಾನು ಹಾಸ್ಟೆಲ್ ಬಗ್ಗೆ ಏನು ಬರೆಯಲಿ?
— ವಿದ್ಯಾರ್ಥಿ, ತುಮಕೂರು

ಉತ್ತರ: ನಿನ್ನ ಹತ್ತಿರ ಬರೆಯಲು ಉಳಿದವರಿಗಿಂತ ಹೆಚ್ಚಿದೆಯಪ್ಪ. ಮನೆಯವರೊಡನೆ ಇದ್ದು ಶಾಲೆಗೆ ಹೋಗುವ ಮಗುವಿಗೆ, ನೂರಾರು ಹುಡುಗರ ಜೊತೆ ಮಲಗಿ ಏಳುವುದು ಹೇಗಿರುತ್ತದೆ ಎಂದು ತಿಳಿಯುವುದು ನಿನ್ನಿಂದ ಮಾತ್ರ. ಊರಿಂದ ತಂದ ಟ್ರಂಕಿನಲ್ಲಿ ಏನೇನಿದೆ, ಮೊದಲ ವಾರ ರಾತ್ರಿ ನಿದ್ದೆ ಬಂತೇ, ಬಟ್ಟೆ ಒಗೆಯುವುದನ್ನು ಯಾರು ಕಲಿಸಿದರು, ಅಮ್ಮನಿಗೆ ಫೋನು ಮಾಡುವ ದಿನ ಯಾವುದು, ಊರಿಗೆ ಹೋದಾಗ ಅವರು ಮಾಡಿಡುವ ತಿಂಡಿ ಯಾವುದು ಎಂದು ಬರೆದರೆ ಅಪ್ಪ ಅಮ್ಮನೂ ಅದರಲ್ಲಿ ಬಂದೇ ಬರುತ್ತಾರೆ.

ತುಮಕೂರಿನಲ್ಲಿ ಹೀಗೆ ಇದ್ದು ಓದುವುದು ಹೊಸದೂ ಅಲ್ಲ, ಸಣ್ಣದೂ ಅಲ್ಲ ಎಂಬುದನ್ನು ಒಂದು ಮಾತಿನಲ್ಲಿ ತಿಳಿಸು. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಜಾತಿಮತ ನೋಡದೆ ಅನ್ನ, ಆಶ್ರಯ, ಅಕ್ಷರ ಮೂರನ್ನೂ ಉಚಿತವಾಗಿ ಕೊಡುವುದನ್ನು ತ್ರಿವಿಧ ದಾಸೋಹ ಎನ್ನುತ್ತೇವೆ. ಅದನ್ನು ಬೆಳೆಸಿದ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿ 2019ರ ಜನವರಿ 21ರ ತನಕ, 111 ವರ್ಷ ಬದುಕಿದರು. ನೀನಿರುವುದು ಬೇರೆ ನಿಲಯವಾದರೂ ನಿನ್ನ ಸಹಪಾಠಿಗಳಲ್ಲಿ ಅಲ್ಲಿಯವರು ಇರಬಹುದು, ಅವರನ್ನು ಕೇಳಿ ಬರೆ. ಫಿನ್ಲೆಂಡಿನಲ್ಲಿ 1948ರಿಂದ ಎಲ್ಲ ಶಾಲಾಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ. ಆದ್ದರಿಂದ ಹಣ ಕೊಡದೆ ಉಣ್ಣುವುದು ಆ ಮಕ್ಕಳ ಕಣ್ಣಿಗೆ ಕೀಳಾಗಿ ಕಾಣುವುದಿಲ್ಲ. ನೀನು ಬೆಳಗಿನ ಜಾವ ಕತ್ತಲಲ್ಲೇ ಎದ್ದು ತಣ್ಣೀರಲ್ಲಿ ಮುಖ ತೊಳೆಯುವವನು. ಅವರಿಗೆ ಡಿಸೆಂಬರಿನಲ್ಲಿ ಹಗಲು ಎಷ್ಟು ಚಿಕ್ಕದೆಂದರೆ ಹೆಲ್ಸಿಂಕಿಯಲ್ಲಿ ಸೂರ್ಯ ಸುಮಾರು ಆರು ಗಂಟೆ ಹೊತ್ತು ಮಾತ್ರ ಇರುತ್ತಾನೆ. ಕತ್ತಲಲ್ಲಿ ಶಾಲೆಗೆ ಹೊರಡುವಾಗ ಅವರಿಗೆ ಹೇಗನಿಸುತ್ತದೆ ಎಂದು ಕೇಳು. ಪಾವಗಡದ ಬಿಸಿಲನ್ನೂ ಆ ಬಿಸಿಲಿನಿಂದಲೇ ವಿದ್ಯುತ್ ತಯಾರಿಸುವ ನಿಮ್ಮೂರ ಕಡೆಯ ಸೌರ ಉದ್ಯಾನವನ್ನೂ ಅವರಿಗೆ ಹೇಳು. ಅಂಥ ಬಿಸಿಲು ಅವರಿಗೆ ನಂಬಲು ಕಷ್ಟವಾದೀತು.

ಪ್ರಶ್ನೆ: ಪತ್ರದ ಜೊತೆ ರಾಗಿ ತೆನೆ, ಚೌಕಾಬಾರಕ್ಕೆ ಹುಣಸೆಬೀಜ, ನಮ್ಮ ಶಾಲೆಯ ಅಂಗಳದ ಒಂದು ಹಿಡಿ ಮಣ್ಣು ಕಳಿಸಬೇಕೆಂದು ನಮ್ಮ ಜಪಾನಿನ ಸ್ನೇಹಿತರಿಗಾಗಿ ಕೂಡಿಟ್ಟಿದ್ದೇವೆ. ಕಳಿಸಬಹುದೇ?
— ಏಳನೇ ತರಗತಿಯ ಮಕ್ಕಳು, ಮಧುಗಿರಿ ತಾಲ್ಲೂಕು

ಉತ್ತರ: ಮಕ್ಕಳೇ, ಈ ಮೂರನ್ನೂ ಕಳಿಸಬೇಡಿ. ಮಣ್ಣಿನಲ್ಲಿ, ಬೀಜದಲ್ಲಿ, ತೆನೆಯಲ್ಲಿ ಕಣ್ಣಿಗೆ ಕಾಣದ ಕೀಟ ಮತ್ತು ರೋಗಾಣುಗಳು ಇರಬಹುದೆಂದು ಜಪಾನು ಹೊರಗಿನ ಮಣ್ಣನ್ನು ಒಳಗೆ ಬಿಡುವುದೇ ಇಲ್ಲ; ಬೀಜ, ಧಾನ್ಯಗಳಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಅದಿಲ್ಲದ ಲಕೋಟೆಯನ್ನು ಅಲ್ಲಿ ತಡೆಹಿಡಿಯಬಹುದು, ಆಗ ನಿಮ್ಮ ಪತ್ರಗಳೂ ಸ್ನೇಹಿತರ ಕೈ ಸೇರದೆ ಹೋದಾವು.

ಬದಲಿಗೆ, ಚೌಕಾಬಾರದ ಮನೆಯನ್ನು ಗಟ್ಟಿ ಕಾಗದದ ಮೇಲೆ ಬಣ್ಣದಲ್ಲಿ ಬರೆದು ಮಡಿಸಿ ಕಳಿಸಿ. ಹುಣಸೆಬೀಜವನ್ನು ಒಂದು ಮಗ್ಗಲು ತೇಯ್ದು ಬೆಳ್ಳಗೆ ಮಾಡಿ ದಾಳವಾಗಿ ಬಳಸುವುದು ಹೇಗೆ ಎಂದು ಚಿತ್ರ ಬರೆದು ತೋರಿಸಿ, ಅದರ ಬದಲು ಒಂದು ಮಗ್ಗಲಿಗೆ ಬಣ್ಣ ಬಳಿದ ಗುಂಡಿಗಳನ್ನು ಬಳಸಬಹುದೆಂದು ಬರೆಯಿರಿ. ಆಟದ ನಿಯಮ ಬರೆಯುವಾಗ ಒಬ್ಬರು ಬರೆದದ್ದನ್ನು ಆ ಆಟವೇ ಗೊತ್ತಿಲ್ಲದ ಇನ್ನೊಬ್ಬರಿಗೆ ಕೊಟ್ಟು ಆಡಿಸಿ ನೋಡಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಮತ್ತೆ ಬರೆಯಿರಿ. ನಮ್ಮ ಕುಂಟೆಬಿಲ್ಲೆಯಂಥ ಆಟ ಅಲ್ಲಿಯೂ ಇದೆ, ಅದನ್ನು ‘ಕೆನ್ ಕೆನ್ ಪಾ’ ಎನ್ನುತ್ತಾರೆ. ಅದರ ಮನೆಗಳನ್ನು ಬರೆದು ಕಳಿಸುವಂತೆ ಕೇಳಿ. ಲಕೋಟೆಯಲ್ಲಿ ಕಾಗದಗಳಷ್ಟೇ ಇದ್ದರೆ ಸುಂಕದ ಘೋಷಣೆಯ ಚೀಟಿ ಬೇಕಾಗುವುದಿಲ್ಲ. ನಿಮ್ಮ ಅಂಚೆ ಕಚೇರಿಗೆ ಮೇಷ್ಟ್ರ ಜೊತೆ ನೀವೇ ಹೋಗಿ ತೂಕ ಹಾಕಿಸಿ, ಅಂಚೆಚೀಟಿ ಕೇಳುವಾಗ ನಮ್ಮ ಹೂವು, ಹಕ್ಕಿ, ಕೋಟೆಗಳ ಚಿತ್ರವಿರುವುದು ಇದೆಯೇ ಎಂದು ವಿಚಾರಿಸಿ. ಕೂಡಿಟ್ಟ ರಾಗಿ ತೆನೆಯನ್ನು ತರಗತಿಯ ಗೋಡೆಗೆ ತೂಗುಹಾಕಿ, ಅದನ್ನು ನೋಡಿಕೊಂಡು ಬರೆದ ಚಿತ್ರ ಲಕೋಟೆಯೊಳಗೆ ಹೋಗಲಿ.